ಉತ್ತರ ಬಾರದ ಮನೆಯ ಹಾಲು

ಹೊರಗಿನವರು ನಮ್ಮೂರಿಗೆ ಬಂದರೆ, ಬೆಳಿಗ್ಗೆ ಆರಕ್ಕೇ ನನ್ನ ಅಂಗಡಿಯ ಮುಂದೆ ಅಷ್ಟುದ್ದದ ಸಾಲು ಯಾಕೆ ಎಂದು ಕೇಳುತ್ತಾರೆ. ಮೊಸರಿಗೆ ಎಂದರೆ ನಗುತ್ತಾರೆ. ಹಾಲು ಕಾಯಿಸಿ ಆರಿಸಿ ಒಂದು ಚಮಚ ಹೆಪ್ಪು ಬೆರೆಸಿ ಮುಚ್ಚಿಟ್ಟರೆ ಮೊಸರು, ಅದಕ್ಕೂ ಸಾಲು ನಿಲ್ಲಬೇಕೇ ಎನ್ನುತ್ತಾರೆ. ಅವರ ಊರಿನಲ್ಲಿ ಹಾಗಿರಬಹುದು. ನಮ್ಮೂರಿನಲ್ಲಿ, ಯಾರಿಗಾದರೂ ಮೆಸೇಜು ಕಳಿಸಿ ಉತ್ತರಕ್ಕೆ ಕಾಯುತ್ತಿರುವವರು ಇದ್ದ ಮನೆಯಲ್ಲಿ ಹಾಲು ಹೆಪ್ಪುಗಟ್ಟುವುದಿಲ್ಲ. ಕಾಗದದ ಕಾಲದಲ್ಲಿ ಹೀಗಿರಲಿಲ್ಲ. ನಮ್ಮತ್ತೆ ಒಂದು ಕಾಗದದ ಉತ್ತರಕ್ಕೆ ಎರಡು ವರ್ಷ ಕಾದಿದ್ದರು, ಆ ಎರಡು ವರ್ಷವೂ ಮನೆಯಲ್ಲಿ ಗಡಿಗೆ ತುಂಬ ಮೊಸರು. ಫೋನು ಬಂದ ಮೇಲೆ ಹಾಲು ಸೂಕ್ಷ್ಮವಾಯಿತು ಅಷ್ಟೇ.

ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ಮದುವೆಯ ಹಿಂದಿನ ಸಂಜೆ ಅಡುಗೆ ಭಟ್ಟರು ಬಿದಿರುಬುಟ್ಟಿ ಹಿಡಿದು ಛತ್ರವೆಲ್ಲ ಸುತ್ತಿ, "ಯಾರ್ಯಾರು ಯಾರ್ಯಾರಿಗೆ ಉತ್ತರ ಕೊಡಬೇಕೋ ಕೊಟ್ಬಿಡಿ, ಹೆಪ್ಪು ಹಾಕ್ಬೇಕು" ಎಂದು ಕೂಗುತ್ತಾರೆ, ಆಮೇಲೆ ಫೋನುಗಳನ್ನು ಬುಟ್ಟಿಗೆ ಹಾಕಿಸಿಕೊಳ್ಳುತ್ತಾರೆ. ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ಮೊಸರನ್ನ ಇಲ್ಲ ಎಂದು ಬೋರ್ಡು ಹಾಕಿದರೆ, ಮಾಣಿಗಳಲ್ಲಿ ಯಾರಿಗೋ ಪ್ರೇಮವಾಗಿದೆ ಎಂದು ಗಿರಾಕಿಗಳೇ ತಿಳಿದುಕೊಳ್ಳುತ್ತಾರೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು, ಕಾಫಿ ಎಲ್ಲ ಮುಗಿಸಿ ಸುಮ್ಮನೆ ಎಂಬಂತೆ, "ಒಂದ್ಲೋಟ ಮಜ್ಜಿಗೆ ಸಿಗುತ್ತಾ?" ಎನ್ನುತ್ತಾರೆ. ಆ ದಿನ ಹುಡುಗಿಯ ತಾಯಿ ಬೆಳಿಗ್ಗೆಯೇ ಸೆರಗಿನ ಮರೆಯಲ್ಲಿ ಪಾತ್ರೆ ಹಿಡಿದು ನನ್ನ ಅಂಗಡಿಗೆ ಬಂದಿರುತ್ತಾಳೆ. ನಾನು ಯಾರಿಗೂ ಹೇಳುವುದಿಲ್ಲ. ಒಳ್ಳೆಯ ಮನಸ್ಸಿನವರು ಯಾವ ಮೆಸೇಜು ಬಂದರೂ ಕತ್ತಲಾಗುವುದರೊಳಗೆ ಒಂದು "ಹೂಂ" ಆದರೂ ಕಳಿಸಿಬಿಡುತ್ತಾರೆ. ಹೂವಿನ ಚಿತ್ರದ ಗುಡ್ ಮಾರ್ನಿಂಗ್ ಮಾತ್ರ ಎಷ್ಟು ಬಂದರೂ ಹಾಲಿಗೆ ಏನೂ ಆಗುವುದಿಲ್ಲ, ಅದನ್ನು ಕಳಿಸಿದವರು ಯಾರೂ ಏನಕ್ಕೂ ಕಾಯುತ್ತಿರುವುದಿಲ್ಲವಲ್ಲ.

ನನ್ನ ಹೆಸರು ಚೆನ್ನಾಜಮ್ಮ. ದಿನಾ ಸಂಜೆ ನಲವತ್ತು ಕುಡಿಕೆಗೆ ಹೆಪ್ಪು ಹಾಕುತ್ತೇನೆ, ಬೆಳಿಗ್ಗೆ ನಲವತ್ತೂ ಮಗುಚಿದರೂ ಬೀಳದಷ್ಟು ಗಟ್ಟಿ. ಯಾಕೆಂದರೆ ನಾನು ಯಾರಿಗೂ ಏನೂ ಕೇಳಿ ಕಳಿಸುವವಳಲ್ಲ. ಒಬ್ಬಳೇ ಇದ್ದೇನೆ, ಹಿತ್ತಲಲ್ಲಿ ಎರಡು ಹಸು, ಬೇಕಾದವರು ಫೋನು ಮಾಡುತ್ತಾರೆ, ಬೇಡದವರು ಮಾಡುವುದಿಲ್ಲ. ಒಂಬತ್ತು ವರ್ಷದಿಂದ ನನ್ನ ಮನೆಯಲ್ಲಿ ಒಂದು ಕುಡಿಕೆಯೂ ಕೆಟ್ಟಿಲ್ಲ ಎಂದು ಹೇಳಿಕೊಳ್ಳುವುದು ನನಗೆ ಇಷ್ಟ. ಜಂಬ ಎಂದರೆ ಜಂಬ.

ಮಾರುವುದರ ಜೊತೆಗೆ ಇನ್ನೊಂದು ಕೆಲಸ ತಾನಾಗಿ ಗಂಟುಬಿತ್ತು. ಉತ್ತರ ಬರದವರು ಮನೆಯ ಕೆಟ್ಟ ಹಾಲನ್ನು ಲೋಟದಲ್ಲಿ ತಂದು, "ಇದು ಎಂಥ ಮೌನ, ನೋಡಿ ಹೇಳಿ" ಎನ್ನುತ್ತಾರೆ. ಬರೆದಿದ್ದರೆ ನಾಲ್ಕು ಅಕ್ಷರ ಓದಿ ಮುಗಿಸಬಹುದು. ಬರೆಯದೆ ಇದ್ದದ್ದನ್ನು ಹಿಡಿದು ಕೂತವರಿಗೆ ನಿದ್ದೆ ಇಲ್ಲ, ಊಟ ಇಲ್ಲ. ಒಂದೇ ಮೌನಕ್ಕೆ ಬೆಳಿಗ್ಗೆ ಒಂದು ಅರ್ಥ, ಮಧ್ಯಾಹ್ನ ಇನ್ನೊಂದು. ಹಾಲು ಮಾತ್ರ ಒಂದೇ ಹೇಳುತ್ತದೆ. ಹೆಪ್ಪು ಹಾಕಿದ ಹಾಲು ಹಾಕಿದ ಹಾಗೇ ಹಾಲಾಗಿಯೇ ಇದ್ದರೆ, ಅತ್ತ ಕಡೆಯವರು ಇನ್ನೂ ನೋಡಿಲ್ಲ. ಒಡೆದು ನೀರು ಬೇರೆಯಾಗಿದ್ದರೆ ನೋಡಿದ್ದಾರೆ, ಕೆಲಸದಲ್ಲಿ ಮರೆತಿದ್ದಾರೆ. ಬೆರಳಿಟ್ಟು ಎತ್ತಿದಾಗ ಲೋಳೆಯಾಗಿ ನೂಲೆಳೆ ಬಂದರೆ, ಬರೆಯುತ್ತಿದ್ದಾರೆ, ಅಳಿಸುತ್ತಿದ್ದಾರೆ, ಮತ್ತೆ ಬರೆಯುತ್ತಿದ್ದಾರೆ. ಕಹಿಯಾಗಿದ್ದರೆ ಕೋಪ. ಇದಕ್ಕೆ ನಾನು ಮಾಡಿಕೊಂಡ ಕ್ರಮ ಇದೆ. ಮೊದಲು, ಮನೆಯಲ್ಲಿ ಬೇರೆ ಯಾರಾದರೂ ಉತ್ತರಕ್ಕೆ ಕಾಯುತ್ತಿದ್ದಾರಾ ಎಂದು ಕೇಳಬೇಕು, ಯಾಕೆಂದರೆ ಒಂದು ಮನೆಗೆ ಒಂದೇ ಹಾಲು. ಆಮೇಲೆ ಬೆರಳಿಡಬೇಕು. ಕೊನೆಗೆ ನಾಲಿಗೆ. ಈ ಕ್ರಮ ತಪ್ಪಬಾರದು ಎಂದು ನಾನೇ ಊರಿಗೆಲ್ಲ ಹೇಳುತ್ತಿದ್ದೆ.

ಒಂಬತ್ತು ವರ್ಷ ಎಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆಗ ನಮ್ಮ ಪಕ್ಕದ ಬೀದಿಯಲ್ಲಿ ಬಣ್ಣದ ಗುರುಸಿದ್ದಯ್ಯ ಎಂಬುವರಿದ್ದರು. ಸೀರೆ ನೂಲಿಗೆ ಬಣ್ಣ ಹಾಕುವ ಕೆಲಸ, ಬಾಗಿಲಲ್ಲಿ ಒಂದು ವ್ಯಾನು. ನಮ್ಮ ಹಸು ಹಗ್ಗ ಬಿಚ್ಚಿಕೊಂಡು ಹೋಗಿ ಅವರು ಒಣಹಾಕಿದ್ದ ನೂಲನ್ನೆಲ್ಲ ತುಳಿದು ಸೆಗಣಿ ಮಾಡಿತ್ತು. ಅವರು ಬಂದು ಕೂಗಾಡಿದರು, ನಾನು ಅವರಿಗಿಂತ ಜೋರಾಗಿ ಕೂಗಾಡಿದೆ. ಅದಾದ ವಾರಕ್ಕೆ ಒಂದು ಮಧ್ಯಾಹ್ನ ನಮ್ಮನೆಯವರಿಗೆ ಎದೆನೋವು ಬಂತು. ಎರಡು ಬೀದಿಗೂ ಇದ್ದದ್ದು ಅದೊಂದೇ ವ್ಯಾನು. ಬೈದ ಬಾಯಲ್ಲಿ ಫೋನು ಮಾಡಿ ಕೇಳಲು ನನಗೆ ಮನಸ್ಸು ಬರಲಿಲ್ಲ. "ಇವರಿಗೆ ಎದೆನೋವು. ವ್ಯಾನ್ ತರ್ತೀರಾ?" ಎಂದು ಮೆಸೇಜು ಕಳಿಸಿದೆ. ಅರ್ಧ ಗಂಟೆ ಫೋನು ಹಿಡಿದು ಬಾಗಿಲಲ್ಲಿ ನಿಂತೆ. ಉತ್ತರ ಬರಲಿಲ್ಲ. ಆಮೇಲೆ ಓಡಿ ಆಟೋ ತಂದೆ. ಆಸ್ಪತ್ರೆಯಲ್ಲಿ, ಇಪ್ಪತ್ತು ನಿಮಿಷ ಮೊದಲು ಬಂದಿದ್ದರೆ ಉಳಿಸಬಹುದಿತ್ತು ಎಂದರು. ಆ ರಾತ್ರಿ ಮನೆಯಲ್ಲಿ ಹೆಪ್ಪು ಹಾಕುವವರು ಯಾರಿದ್ದರು? ಹಾಗಾಗಿ ಅದು ಎಂಥ ಮೌನ ಎಂದು ಹಾಲು ನನಗೆ ಹೇಳಲೇ ಇಲ್ಲ. ನಾನೇ ತೀರ್ಮಾನ ಮಾಡಿಕೊಂಡೆ, ನೋಡಿಯೂ ಸುಮ್ಮನಿದ್ದ ಮನುಷ್ಯ ಎಂದು. ತಿಂಗಳೊಳಗೆ ಅವರು ಊರು ಬಿಟ್ಟು ಮಗನಿರುವ ಕಡೆ ಹೋದರು. ಅದೂ ನನಗೆ ಸಾಕ್ಷಿಯಾಯಿತು.

ಈಗ ಹದಿನೈದು ದಿನದ ಕೆಳಗೆ ನನ್ನ ಫೋನಿಗೆ ಗೊತ್ತಿಲ್ಲದ ನಂಬರಿನಿಂದ ಒಂದು ಮೆಸೇಜು ಬಂತು. ತೆರೆಯದೆಯೇ ಮೊದಲ ಸಾಲು ಕಾಣುತ್ತದಲ್ಲ, "ಚೆನ್ನಾಜಮ್ಮನವರೇ, ನಾನು ಬಣ್ಣದ ಗುರುಸಿದ್ದಯ್ಯ, ನಿಮ್ಮನ್ನು ಒಂದು ಮಾತು" ಎಂದಿತ್ತು. ಅಷ್ಟು ಓದಿದೆ. ಒಂಬತ್ತು ವರ್ಷವಾದ ಮೇಲೆ ಒಂದು ಮಾತಂತೆ! ಫೋನನ್ನು ಅಕ್ಕಿ ಡಬ್ಬದ ಮೇಲೆ ಬೋರಲು ಹಾಕಿ ಹಸುವಿಗೆ ಹುಲ್ಲು ಹಾಕಲು ಹೋದೆ. ಆ ಮೆಸೇಜು ಹಾಗೇ ತೆರೆಯದೆ ಕೂತಿತು. ಅವರು ಈಗ ಎಲ್ಲಿದ್ದಾರೆ, ಏನು ಎಂದು ನಾನು ವಿಚಾರಿಸಲಿಲ್ಲ.

ಅದಾದ ನಾಲ್ಕೈದು ದಿನಕ್ಕೆ ಮಂದಾಕಿನಿ ಸಿಸ್ಟರ್ ಲೋಟ ತಂದಳು. ಎರಡು ವರ್ಷದ ಹಿಂದೆ ನಮ್ಮೂರ ಆಸ್ಪತ್ರೆಗೆ ನರ್ಸಾಗಿ ಬಂದವಳು, ಕೆರೆ ಕಡೆಯ ಬೀದಿಯಲ್ಲಿ ಬಾಡಿಗೆ ಮನೆ. ಗಂಡ ತೀರಿಕೊಂಡು ಮೂರು ವರ್ಷ, ಆರು ವರ್ಷದ ಮಗಳೊಬ್ಬಳು. ಗಟ್ಟಿಗಿತ್ತಿ. ಸೂಜಿ ಚುಚ್ಚಿದ್ದೇ ಗೊತ್ತಾಗದ ಹಾಗೆ ಚುಚ್ಚುತ್ತಾಳೆ. ಅವತ್ತು ಮಾತ್ರ ಗಿರಾಕಿಗಳೆಲ್ಲ ಹೋಗುವವರೆಗೆ ಗೋಡೆ ಪಕ್ಕ ನಿಂತಿದ್ದು, ಆಮೇಲೆ ಹತ್ತಿರ ಬಂದಳು.

"ಅಮ್ಮ, ನಗಬೇಡಿ. ಪಶು ಆಸ್ಪತ್ರೆ ಮರಿಸ್ವಾಮಿ ಅವರು ಗೊತ್ತಲ್ಲ?"

ಗೊತ್ತಿಲ್ಲದೆ ಏನು. ನನ್ನ ಎರಡು ಹಸುವಿಗೂ ಅವನೇ ಕಾಂಪೌಂಡರ್. ನಲವತ್ತು ದಾಟಿದ ಗಂಡು, ಹಸುವಿನ ಕಿವಿಯಲ್ಲಿ ಅರ್ಧ ಗಂಟೆ ಮಾತಾಡುತ್ತಾನೆ, ಮನುಷ್ಯರ ಮುಂದೆ ಬಾಯಿ ಬಿಡುವುದಿಲ್ಲ.

"ಹೋದ ತಿಂಗಳು ಅವರೇ ಕೇಳಿದ್ರು, ಮದುವೆ ಆಗೋಣ್ವಾ ಅಂತ. ನಾನು ಟೈಮ್ ತಗೊಂಡೆ. ಈಗ ನಾಲ್ಕು ದಿನದ ಹಿಂದೆ ಇದನ್ನ ಕಳಿಸಿದೆ, ನೋಡಿ." ಫೋನು ಮುಂದೆ ಹಿಡಿದಳು. "ನನಗೆ ಒಪ್ಪಿಗೆ. ಆದರೆ ನಾನು ಮನೆ ಬಿಟ್ಟು ಬರೋಕಾಗಲ್ಲ, ನೀವೇ ನಮ್ಮನೆಗೆ ಬಂದು ಇರಬೇಕು. ಆಗುತ್ತಾ?" ಎಂದಿತ್ತು. ಕೆಳಗೆ ಎರಡು ನೀಲಿ ಗೀಟು. "ಆವತ್ತೇ ನೋಡಿದಾರೆ. ನಾಲ್ಕು ದಿನ ಆಯ್ತು. ಅವರು ಗಂಡಸು, ಮನೆ ಅಳಿಯ ಆಗಿ ಬಾ ಅಂದ ಹಾಗೆ ಅನ್ನಿಸ್ತೇನೋ. ನಾನು ಹಾಗೆ ಕೇಳಬಾರ್ದಿತ್ತೇನೋ. ಅಥವಾ ಬರೀ ಯೋಚಿಸ್ತಿದಾರಾ? ನನಗೆ ತಲೆ ಕೆಟ್ಟುಹೋಗಿದೆ. ನೀವು ನೋಡಿ ಹೇಳಿ, ಏನಿದ್ರೂ ತಡ್ಕೋತೀನಿ."

ಮನೆಯಲ್ಲಿ ಬೇರೆ ಯಾರು ಎಂದು ನಾನು ಕೇಳಬೇಕಿತ್ತು. ತಾಯಿ, ಮಗಳು ಇಬ್ಬರೇ, ಮಗುವಿಗೆ ಎಲ್ಲಿಯ ಫೋನು ಎಂದು ಕೇಳಲಿಲ್ಲ. ಬೆರಳಿಡಬೇಕಿತ್ತು. ಅವಳ ಮುಖ ನೋಡಿ ಅವಸರದಲ್ಲಿ ಲೋಟವನ್ನೇ ಬಾಯಿಗೆ ಇಟ್ಟುಬಿಟ್ಟೆ. ಕಹಿ ಎಂದರೆ ಅಂಥ ಕಹಿ ನಾನು ಕಂಡಿರಲಿಲ್ಲ. ಹಳೆಯ ಕಹಿ. ಗಂಟಲಿಗೆ ಇಳಿದ ಮೇಲೂ ಕಿವಿಯ ಹಿಂದೆ ಉಳಿಯುವಂಥದ್ದು. ಲೋಟದ ಅಂಚಿನಿಂದ ಒಂದು ಎಳೆ ನೂಲಿನ ಹಾಗೆ ಜೋತಿತ್ತು, ನೋಡಿದ್ದು ನೆನಪಿದೆ, ಸೆರಗಿನಿಂದ ಒರೆಸಿಕೊಂಡೆ.

"ಬಿಟ್ಬಿಡು ಕಣಮ್ಮ," ಎಂದೆ. "ಇಷ್ಟು ಕೋಪ ಇಟ್ಕೊಂಡೋನು ಬಾಯಲ್ಲಿ ಹೇಳದೆ ಒಳಗೇ ಇಟ್ಕೊಂಡಿದಾನೆ ಅಂದ್ರೆ, ನಾಳೆ ಸಂಸಾರದಲ್ಲಿ ಏನು ಗತಿ? ಈಗ್ಲೇ ಗೊತ್ತಾಗಿದ್ದು ಒಳ್ಳೇದಾಯ್ತು."

ಅವಳು ಅಳಲಿಲ್ಲ. ಫೋನು ತೆಗೆದು ನನ್ನೆದುರಿಗೇ ಅವನ ನಂಬರನ್ನು ಬ್ಲಾಕ್ ಮಾಡಿದಳು. ಲೋಟ ತೊಳೆದು ಕೊಡಿ ಎಂದು ಕೇಳಿ ಇಸಿದುಕೊಂಡು ಹೋದಳು. ಒಳ್ಳೆಯ ಕೆಲಸ ಮಾಡಿದೆ ಎಂದು ನನಗೆ ಆ ಸಂಜೆಯೆಲ್ಲ ಹೆಮ್ಮೆ.

ಮೂರನೆಯ ದಿನ ಮತ್ತೆ ಮೊಸರು ಕೊಳ್ಳಲು ಬಂದಳು. "ಇನ್ನೂ ಹಾಲು ಹೆಪ್ಪಾಗ್ತಿಲ್ಲಮ್ಮ," ಎಂದಳು. "ಬ್ಲಾಕ್ ಮಾಡಿದ ಮೇಲೆ ಏನು ಬರುತ್ತೆ ಅಂತ ಕಾಯ್ತಿದೀನೋ ನಂಗೇ ಗೊತ್ತಿಲ್ಲ. ಮನಸ್ಸು ಬ್ಲಾಕ್ ಆಗಿಲ್ಲ ಅನ್ಸುತ್ತೆ. ಟ್ರಾನ್ಸ್‌ಫರ್ ಕೇಳಿದ್ದೆ, ಸಿಕ್ಕಿದೆ. ಸೋಮವಾರ ಹೊರಡ್ತೀವಿ. ಬೇರೆ ಊರಲ್ಲಿ ಹಾಲಿಗೆ ಇವೆಲ್ಲ ಗೊತ್ತಾಗಲ್ವಂತಲ್ಲ." ಅರ್ಧ ಲೀಟರ್ ಇಸಿದುಕೊಂಡು ಹೋದಳು. ನನಗೆ ಅವಳ ಮೇಲೆ ಮರುಕ ಬಂತು, ಅನುಮಾನ ಬರಲಿಲ್ಲ. ಬರಬೇಕಿತ್ತು.

ಶನಿವಾರ ಮಧ್ಯಾಹ್ನ ನಾನು ಕುಡಿಕೆ ತೊಳೆಯುತ್ತಿದ್ದಾಗ ಮರಿಸ್ವಾಮಿ ಬಂದ. ಹಸು ನೋಡಲು ಬಂದನೇನೋ ಎಂದುಕೊಂಡೆ. ಕೈಯಲ್ಲಿ ಲೋಟವಿತ್ತು. ಅವನ ಮುಖ ಕಂಡರೇ ನನಗೆ ಉರಿಯುತ್ತಿತ್ತು. ಆದರೂ ಗಿರಾಕಿ ಗಿರಾಕಿಯೇ. ಈ ಸಲ ಕ್ರಮ ತಪ್ಪಲಿಲ್ಲ. "ಮನೇಲಿ ಬೇರೆ ಯಾರು ಕಾಯ್ತಿದಾರೆ?" ಎಂದೆ. "ನಾನೊಬ್ಬನೇ ಅಮ್ಮ," ಎಂದ. ಬೆರಳಿಟ್ಟೆ, ಎಳೆಯಿಲ್ಲ. ನಾಲಿಗೆಗೆ ಹಾಕಿದೆ, ಬರೀ ಹಾಲು. ಈಗ ತಾನೆ ಕರೆದು ಕಾಯಿಸಿದ್ದೇನೋ ಎಂಬಷ್ಟು ಒಳ್ಳೆಯ ಹಾಲು.

"ಅವರಿನ್ನೂ ನೋಡೇ ಇಲ್ಲ," ಎಂದೆ. "ಯಾರಿಗೆ ಕಳಿಸಿದ್ದು?"

ಅವನು ಫೋನು ಕೊಟ್ಟ. ಕನ್ನಡಕ ಹಾಕಿಕೊಂಡು ನೋಡಿದರೆ ಮಂದಾಕಿನಿಯ ಹೆಸರು, ಕೆಳಗೆ ಒಂದೇ ಗೀಟು. ಮಂಗಳವಾರ ಬೆಳಿಗ್ಗೆ ಕಳಿಸಿದ್ದು. ಅವಳು ಬ್ಲಾಕ್ ಮಾಡಿದ್ದು ಸೋಮವಾರ ಸಂಜೆ. ಉದ್ದದ ಮೆಸೇಜು. "ಐದು ದಿನದಿಂದ ಬರೀತಿದೀನಿ, ಅಳಿಸ್ತಿದೀನಿ. ಆಗುತ್ತೆ ಅಂತ ಒಂದೇ ಮಾತು ಬರೆದ್ರೆ ಲೆಕ್ಕಕ್ಕೆ ತಗೊಂಡಿಲ್ಲ ಅಂತ ಅನ್ಸಬಹುದು ಅಂತ. ಪಾಪು ನನ್ನ ಏನಂತ ಕರೀಬೇಕು ಅದನ್ನ ಅವಳೇ ಹೇಳ್ಲಿ, ನಾವು ಹೇಳಿಕೊಡೋದು ಬೇಡ. ನಿಮ್ಮ ಮಾವನವರು ಮಲಗೋ ಕಿಟಕಿ ರೂಮು ಅವರಿಗೇ ಇರ್ಲಿ, ನನಗೆ ನಡುಮನೆ ಸಾಕು. ನಾನು ಬೆಳಿಗ್ಗೆ ಬೇಗ ಏಳ್ತೀನಿ, ಯಾರಿಗೂ ತೊಂದರೆ ಆಗಲ್ಲ. ಮಾತು ಕಮ್ಮಿ ಅಂತ ಬೇಜಾರು ಮಾಡ್ಕೋಬೇಡಿ. ನನಗೆ ಪೂರ್ತಿ ಒಪ್ಪಿಗೆ. ಯಾವಾಗ ಬಂದು ಮಾತಾಡ್ಲಿ?"

ಓದುತ್ತ ಓದುತ್ತ ನನ್ನ ಕಿವಿ ಬಿಸಿಯಾಯಿತು. ಇವನು ಕೋಪದ ಮನುಷ್ಯನೇ? ಅಂಚಿನಲ್ಲಿ ಜೋತಿದ್ದ ಆ ಒಂದು ಎಳೆ ಕಣ್ಣಿಗೆ ಕಟ್ಟಿತು. ಎಳೆ ಇವನದು. ಹಾಗಾದರೆ ಕಹಿ ಯಾರದು?

"ಮಾವ ಅಂತ ಬರೆದಿದೀಯಲ್ಲ. ಯಾವ ಮಾವ?"

"ಅವರ ಗಂಡನ ತಂದೆ. ಬಂದು ಒಂದೂವರೆ ತಿಂಗಳಾಯ್ತು. ಮೊಮ್ಮಗಳನ್ನ ನೋಡ್ಕೊಳ್ಳೋಕೆ. ಅದಕ್ಕೇ ಅವರು ಮನೆ ಬಿಟ್ಟು ಬರಲ್ಲ ಅಂದಿದ್ದು." ಆಮೇಲೆ ನೆಲ ನೋಡುತ್ತ ಕೇಳಿದ, "ಅವರಿಗೆ ನನ್ನ ಮೇಲೆ ಬೇಸರ ಆಗಿದೆಯಾ ಅಮ್ಮ?"

"ಬೇಸರ ಆಗೋ ಕೆಲಸ ನೀನೇನೂ ಮಾಡಿಲ್ಲ ಕಣೋ. ನಾನು ಮಾಡಿದೀನಿ," ಎಂದೆ. "ಈ ಮೆಸೇಜು ಅಳಿಸ್ಬೇಡ. ಮನೆಗೆ ಹೋಗಿ ಫೋನು ಕೈಯಲ್ಲೇ ಇಟ್ಕೊಂಡಿರು."

ಕೈ ಒರೆಸಿಕೊಂಡು ಅಂಗಡಿಯ ಬಾಗಿಲು ಎಳೆದು ಹೊರಟೆ. ಕೆರೆ ಕಡೆಯ ಬೀದಿ ಅಷ್ಟೇನೂ ದೂರವಲ್ಲ, ಆದರೆ ಆವತ್ತು ನನ್ನ ಕಾಲು ಬೇಗ ಬೇಗ ನಡೆಯಿತು. ದಾರಿಯುದ್ದಕ್ಕೂ, ಅಂಥ ಕಹಿ ಮೌನ ಎದುರಿಸುತ್ತಿರುವ ಆ ಮುದುಕ ಪಾಪ ಯಾರೋ, ಅವನಿಗೆ ಅಷ್ಟು ಕೋಪದಲ್ಲಿ ಉತ್ತರ ಕೊಡದ ಕಲ್ಲುಮನಸ್ಸಿನವರು ಯಾರೋ ಎಂದು ಯೋಚಿಸುತ್ತ ಹೋದೆ. ನಿಜವಾಗಿ ಹಾಗೇ ಯೋಚಿಸಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮಂದಾಕಿನಿಯ ಮನೆಯ ಮುಂದೆ ಹಗ್ಗ ಕಟ್ಟಿದ ಎರಡು ರಟ್ಟಿನ ಡಬ್ಬ, ಸುತ್ತಿಟ್ಟ ಹಾಸಿಗೆ. ಜಗಲಿಯ ಮೇಲೆ ಒಬ್ಬ ಮುದುಕರು ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಮೊಮ್ಮಗಳು ಪಕ್ಕದಲ್ಲಿ ಕಡ್ಡಿಗಳನ್ನು ಜೋಡಿಸಿಕೊಂಡು ಆಡುತ್ತಿದ್ದಳು. ಮುದುಕರ ಬೆರಳಿನ ಬಿರುಕುಗಳಲ್ಲಿ ಹಳೆಯ ನೀಲಿ ಬಣ್ಣ. ಮುಖಕ್ಕಿಂತ ಮೊದಲು ಆ ಬೆರಳುಗಳ ಗುರುತು ಸಿಕ್ಕಿತು ನನಗೆ. ಅವರು ತಲೆಯೆತ್ತಿದರು. ಕೈಯಲ್ಲಿದ್ದ ಸೊಪ್ಪು ಹಾಗೇ ಉಳಿಯಿತು.

"ಚೆನ್ನಾಜಮ್ಮೋರೆ," ಎಂದು ಎದ್ದು ನಿಂತರು ಗುರುಸಿದ್ದಯ್ಯ.

ಮಂದಾಕಿನಿ ಒಳಗಿನಿಂದ ಬಂದಳು. "ಮಾವ, ನಿಮಗೆ ಇವರು ಗೊತ್ತಾ?"

ನಾನು ಅವರ ಕಡೆ ನೋಡದೆ ಅವಳನ್ನೇ ನೋಡಿ ಕೇಳಿದೆ. "ನಿಮ್ಮ ಮಾವ ಯಾರಿಗಾದ್ರೂ ಮೆಸೇಜು ಕಳಿಸಿ ಕಾಯ್ತಿದಾರಾ?"

"ಅಯ್ಯೋ, ಅವರಿಗೆಲ್ಲಿ ಮೆಸೇಜು ಮಾಡೋಕೆ ಬರುತ್ತಮ್ಮ! ನನ್ನ ಹಳೇ ಫೋನು ಕೊಟ್ಟಿದೀನಿ, ಅದರಲ್ಲಿ ಮಗಳು ಆಟ ಆಡ್ತಾಳೆ."

"ತಾತಂಗೆ ನಾನು ಹೇಳ್ಕೊಟ್ಟೆ," ಎಂದಿತು ಮಗು ತಲೆ ಎತ್ತದೆ. "ಒತ್ತು ಮಾತ್ರ ಬರಲ್ಲ ಅಂತಿದ್ರು, ಅದನ್ನೂ ಹೇಳ್ಕೊಟ್ಟೆ."

ಗುರುಸಿದ್ದಯ್ಯ ಸೊಸೆಯ ಕಡೆ ನೋಡಿ ಮೆಲ್ಲಗೆ ಹೇಳಿದರು. "ಒಂದು ಕಳಿಸಿದೆ ಕಣಮ್ಮ, ಹತ್ತು ದಿನ ಆಯ್ತು. ಹಾಲು ಕೆಡ್ತಿರೋದು ನಿನ್ನಿಂದ ಅಂತ ನೀನು ಅಂದ್ಕೊಂಡಿದ್ದೆ, ನನ್ನಿಂದಾನೂ ಇರಬಹುದು ಅಂತ ಹೇಳೋಕೆ ನಂಗೆ ಬಾಯಿ ಬರ್ಲಿಲ್ಲ. ಈ ವಯಸ್ಸಲ್ಲಿ ಯಾರಿಗೆ ಕಾಯ್ತಿದೀರಿ ಅಂದ್ರೆ ಏನು ಹೇಳ್ಲಿ?"

ನಾನು ಅಲ್ಲೇ ಜಗಲಿಯ ಮೇಲೆ ಕೂತೆ. ಮೆಸೇಜು ತೆರೆದಿಲ್ಲ, ಆದ್ದರಿಂದ ನೋಡಿಲ್ಲ ಎಂದು ನಾನು ನನಗೇ ಹೇಳಿಕೊಂಡಿದ್ದೆ. ಹಾಲು ಗೀಟುಗಳನ್ನು ನೋಡುವುದಿಲ್ಲ. ಮೊದಲ ಸಾಲು ಓದಿದ್ದೆ, ಹೆಸರು ಓದಿದ್ದೆ, ಫೋನನ್ನು ಬೋರಲು ಹಾಕಿದ್ದೆ. ಊರಿನವರ ಮೌನವನ್ನೆಲ್ಲ ನಾಲಿಗೆಯ ಮೇಲೆ ಹಾಕಿಕೊಂಡು ಹೆಸರು ಹೇಳುವವಳಿಗೆ ತನ್ನದರ ರುಚಿ ಗೊತ್ತಾಗಲಿಲ್ಲ.

"ಮಂದಾಕಿನಿ," ಎಂದೆ, "ಆವತ್ತು ನಾನು ಕುಡಿದ ಕಹಿ ಮರಿಸ್ವಾಮೀದಲ್ಲ. ನನ್ನದು. ನಿಮ್ಮ ಮಾವ ಕಾಯ್ತಿದ್ದಿದ್ದು ನನ್ನ ಉತ್ತರಕ್ಕೆ. ಮನೇಲಿ ಬೇರೆ ಯಾರಿದಾರೆ ಅಂತ ಕೇಳದೆ, ಬೆರಳಿಡದೆ, ನಾನು ನಿನಗೆ ಸುಳ್ಳು ಹೇಳಿದೆ. ಅವನು ಐದು ದಿನ ಬರೆದು ಅಳಿಸಿ, ಮಂಗಳವಾರ ಇಷ್ಟುದ್ದ ಉತ್ತರ ಕಳಿಸಿದಾನೆ. ನೀನು ಆಗ್ಲೇ ಬಾಗಿಲು ಹಾಕಿದ್ದೆ. ನನ್ನ ಮಾತು ಕೇಳಿ."

ಅವಳ ಮುಖ ಬಿಳಿಚಿಕೊಂಡಿತು. "ಏನಂತ ಬರೆದಿದಾರೆ?"

"ನಾನು ಹೇಳಲ್ಲ. ನಾನು ಹೇಳಿ ಹೇಳಿ ಆಗಿರೋದು ಸಾಕು. ಬ್ಲಾಕ್ ತೆಗೆದು ಇನ್ನೊಂದು ಸಲ ಕಳಿಸಿ ಅಂತ ಕೇಳು. ಫೋನು ಕೈಯಲ್ಲಿ ಹಿಡ್ಕೊಂಡು ಕೂತಿದಾನೆ."

ಅವಳು ಬೈಯಬಹುದಿತ್ತು, ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. "ನೀವು ಹೇಳಿದ್ರಿ ಅಂತ ನಾನು ಊರೇ ಬಿಡೋಕೆ ಹೊರಟಿದ್ದೆ ಅಮ್ಮ," ಎಂದಷ್ಟೇ ಹೇಳಿ ಒಳಗೆ ಹೋದಳು. ಕಿಟಕಿಯಲ್ಲಿ ಅವಳು ಫೋನಿನ ಮೇಲೆ ಬಗ್ಗಿದ್ದು ಕಾಣುತ್ತಿತ್ತು.

ಜಗಲಿಯ ಮೇಲೆ ನಾವಿಬ್ಬರು, ನಡುವೆ ಸೊಪ್ಪಿನ ಮೊರ. ಅವರು ತುಂಬ ಬಡಕಲಾಗಿದ್ದರು. ಮಗ ಹೋದ ಮೇಲೆ ಹಾಗಾಗಿರಬೇಕು. ಕೂಗಾಡಿದಾಗ ಬೀದಿಯೆಲ್ಲ ಕೇಳಿಸುತ್ತಿದ್ದ ಗಂಟಲು ಎಲ್ಲಿ ಹೋಯಿತೋ.

"ನೀವು ಓದಿದ್ರಾ?" ಎಂದರು.

"ಇಲ್ಲ," ಎಂದೆ. ಅವರು ಒತ್ತಾಯ ಮಾಡಲಿಲ್ಲ. ನಾನು ಎದ್ದು ಬಂದುಬಿಟ್ಟೆ.

ಮನೆಗೆ ಬಂದು ದೀಪ ಹಚ್ಚಿ ಅಕ್ಕಿ ಡಬ್ಬದ ಮೇಲಿದ್ದ ಫೋನು ತೆಗೆದೆ. ಸಂಜೆಯ ಹಾಲು ಆರುತ್ತಿತ್ತು. ಕುಡಿಕೆಗಳನ್ನು ಸಾಲಾಗಿ ಇಟ್ಟು, ಹೆಪ್ಪು ಹಾಕಿ, ಒಂದೊಂದಕ್ಕೂ ಮುಚ್ಚಳ ಹಾಕಿದೆ. ಕೈಗೆ ಕೆಲಸ ಮುಗಿದುಹೋಯಿತು. ಆಮೇಲೆ ಓದಿದೆ.

"ಚೆನ್ನಾಜಮ್ಮನವರೇ, ನಾನು ಬಣ್ಣದ ಗುರುಸಿದ್ದಯ್ಯ, ನಿಮ್ಮನ್ನು ಒಂದು ಮಾತು ಕೇಳಬೇಕು. ಅದಕ್ಕೆ ಮೊದಲು ಒಂದು ಹೇಳಬೇಕು. ಆ ದಿನ ನನ್ನ ಫೋನು ವ್ಯಾನಿನಲ್ಲೇ ಇತ್ತು. ಆ ವಾರ ಬಂದಿದ್ದ ಮಗ ನೂಲು ತುಂಬಿಕೊಂಡು ಹೋಗಿದ್ದ. ಮಾರನೇ ದಿನ ಅವನು ಬಂದ ಮೇಲೆ ನೋಡಿದೆ. ಅಷ್ಟು ಹೊತ್ತಿಗೆ ನಿಮ್ಮ ಬಾಗಿಲಲ್ಲಿ ಜನ ಸೇರಿತ್ತು. ಮೂಲೆವರೆಗೆ ಬಂದು ನಿಂತಿದ್ದೆ. ನೋಡಲಿಲ್ಲ ಅಂದರೆ ಯಾರು ನಂಬುತ್ತಾರೆ ಅನ್ನಿಸಿ ವಾಪಸ್ ಹೋದೆ. ಉತ್ತರ ಕೊಡದೆ ಒಂಬತ್ತು ವರ್ಷ ಆಯಿತು. ಈಗ ಈ ಊರಿಗೆ ಬಂದಿದ್ದೇನೆ. ನಿಮ್ಮ ಅಂಗಡಿಯಿಂದ ಸೊಸೆ ಮೊಸರು ತರುತ್ತಾಳೆ. ನಾನೇ ಬಂದು ತೆಗೆದುಕೊಂಡು ಹೋಗಬಹುದಾ?"

ನಂಬುವುದೋ ಬಿಡುವುದೋ ನನಗೆ ತಿಳಿಯಲಿಲ್ಲ. ಸುಳ್ಳು ಹೇಳಲು ಯಾರು ಒಂಬತ್ತು ವರ್ಷ ತೆಗೆದುಕೊಳ್ಳುತ್ತಾರೆ ಎಂದು ಒಂದು ಮನಸ್ಸು. ಇಷ್ಟು ದಿನ ಹೊತ್ತ ಕೋಪವನ್ನು ಎಲ್ಲಿ ಇಳಿಸಲಿ ಎಂದು ಇನ್ನೊಂದು. ಅದನ್ನು ಇಳಿಸಿದರೆ ಅದರ ಕೆಳಗೆ ಏನಿದೆ ಎಂದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಫೋನು ಮಾಡಿ ಕೂಗಿದ್ದರೆ, ಆಗಲೇ ಆಟೋಗೆ ಓಡಿದ್ದರೆ, ಆ ಅರ್ಧ ಗಂಟೆ ನನ್ನದೂ ಹೌದು. ತುಂಬ ಹೊತ್ತು ಅತ್ತೆ. ಅತ್ತು ಮುಗಿದ ಮೇಲೆ ಬರೆದೆ, "ಬನ್ನಿ. ನಾಳೆ ಎಷ್ಟು ಹೊತ್ತಿಗೆ ಬರ್ತೀರಿ?" ಕಳಿಸಿ ಫೋನನ್ನು ಪಕ್ಕದಲ್ಲಿಟ್ಟುಕೊಂಡು ಕೂತೆ. ಒಂದು ಗೀಟು ಎರಡಾಯಿತು, ನೀಲಿಯಾಗಲಿಲ್ಲ. ಹಾಗೇ ನಿದ್ದೆ ಬಂತು.

ಬೆಳಿಗ್ಗೆ ಎದ್ದು ಮೊದಲ ಕುಡಿಕೆಯ ಮುಚ್ಚಳ ತೆಗೆದರೆ ಹಾಲು ಅಲ್ಲಾಡಿತು. ಎರಡನೆಯದೂ ಹಾಲು. ನಲವತ್ತೂ ಹಾಲು. ಹೊರಗೆ ಸಾಲು ನಿಂತ ಸದ್ದು, ಪಾತ್ರೆಗಳ ಸದ್ದು. ಕೇಳಿ ಕಳಿಸಿದರೆ ಏನಾಗುತ್ತದೆ ಎಂದು ಊರಿಗೆಲ್ಲ ಹೇಳುವವಳು ನಲವತ್ತು ಕುಡಿಕೆಗೆ ಹೆಪ್ಪು ಹಾಕಿ, ಅದಾದ ಮೇಲೆ ಕೂತು ಕೇಳಿ ಕಳಿಸಿದ್ದೆ! ನನಗೆ ನಗು ಬಂತು. ಆಮೇಲೆ ಕ್ರಮದ ಪ್ರಕಾರ ಬೆರಳಿಟ್ಟೆ, ಎಳೆಯಿಲ್ಲ. ನಾಲಿಗೆಗೆ ಹಾಕಿದೆ. ಬರೀ ಹಾಲು, ಚೂರೂ ಕಹಿಯಿಲ್ಲ. ಅವರಿನ್ನೂ ನೋಡಿಲ್ಲ. ಕುಡಿಕೆ ಹಿಡಿದುಕೊಂಡೇ ನೆಲದ ಮೇಲೆ ಕೂತುಬಿಟ್ಟೆ. ಒಂಬತ್ತು ವರ್ಷದ ಹಿಂದೆ ಆ ರಾತ್ರಿ ನಾನು ಹೆಪ್ಪು ಹಾಕಿದ್ದರೆ, ಬೆಳಿಗ್ಗೆ ನನಗೆ ಸಿಗುತ್ತಿದ್ದದ್ದು ಇದೇ ರುಚಿ.

ಬಾಗಿಲು ತೆಗೆದು ಸಾಲಿನವರಿಗೆ, "ಇವತ್ತು ಮೊಸರಿಲ್ಲ," ಎಂದೆ. "ಯಾಕೆ?" ಎಂದರು. "ಒಬ್ಬರಿಗೆ ಕಾಯ್ತಿದೀನಿ," ಎಂದೆ. ಇಡೀ ಸಾಲು ಬಾಯಿ ಮೇಲೆ ಕೈ ಇಟ್ಟುಕೊಂಡಿತು. ಹೂವಿನ ಅಂಗಡಿಯ ಸಾಕಮ್ಮ, "ನಿಮಗೂ ಬಂತಾ ಈ ವಯಸ್ಸಲ್ಲಿ!" ಎಂದು ಕಿಸಕ್ಕನೆ ನಕ್ಕಳು. ನಗಲಿ ಎಂದು ಬಿಟ್ಟೆ.

ಎಂಟರ ಹೊತ್ತಿಗೆ ಗುರುಸಿದ್ದಯ್ಯ ಬಂದರು. ಕೈಯಲ್ಲಿ ಸ್ಟೀಲಿನ ಡಬ್ಬಿ. ಮೆಟ್ಟಿಲ ಕೆಳಗೇ ನಿಂತರು.

"ಮೆಸೇಜು ನೋಡಿದ್ರಾ?" ಎಂದೆ.

"ಇಲ್ಲ. ಬಂದಿದ್ದು ಗೊತ್ತು. ತೆಗೆಯೋಕೆ ಧೈರ್ಯ ಬರ್ಲಿಲ್ಲ, ಬೈದಿದ್ರೆ ಅಂತ."

"ಮತ್ತೆ ಹೇಗೆ ಬಂದ್ರಿ?"

ಅವರು ಡಬ್ಬಿಯ ಮುಚ್ಚಳ ತೆಗೆದು ತೋರಿಸಿದರು. ಗಟ್ಟಿ ಮೊಸರು, ಮೇಲೆ ಕೆನೆ. "ಬೆಳಿಗ್ಗೆ ನೋಡಿದ್ರೆ ಮನೇಲಿ ಹೆಪ್ಪಾಗಿತ್ತು. ಅಂದ್ರೆ ಇಬ್ಬರಿಗೂ ಉತ್ತರ ಬಂದಿದೆ. ಸೊಸೆ ಡಬ್ಬ ಬಿಚ್ಚಿ ಪಾತ್ರೆ ಜೋಡಿಸ್ತಿದಾಳೆ, ನಾಳೆ ಹೋಗಿ ಟ್ರಾನ್ಸ್‌ಫರ್ ಆರ್ಡರ್ ವಾಪಸ್ ತಗೊಳಿ ಅಂತ ಕೇಳ್ತಾಳಂತೆ. ಆ ಹುಡುಗ ಆರಕ್ಕೇ ಬಂದು ಮಗೂ ಜೊತೆ ಕೂತಿದಾನೆ, ಒಂದು ಮಾತಿಲ್ಲ ಇಬ್ಬರದೂ." ಡಬ್ಬಿಯ ಮುಚ್ಚಳ ಮತ್ತೆ ಹಾಕಿ ಹೇಳಿದರು, "ನೀವು ಏನು ಬರೆದ್ರೋ ಗೊತ್ತಿಲ್ಲ. ಉತ್ತರ ಕೊಟ್ರಲ್ಲ, ಸಾಕು ಅಂತ ಬಂದೆ."

"ಈಗ ಓದಿ," ಎಂದೆ. "ಓದಿ ಉತ್ತರ ಕೊಡಿ. ಇಲ್ದಿದ್ರೆ ಈ ಹೊತ್ತಿನ ಹಾಲೂ ಕೆಡುತ್ತೆ ನಂದು."

ಅವರು ಮೆಟ್ಟಿಲ ಮೇಲೆ ಕೂತು, ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಆ ನೀಲಿ ಬೆರಳಲ್ಲಿ ಒಂದೊಂದೇ ಅಕ್ಷರ ಒತ್ತಿದರು. ಒಳಗೆ ಅಕ್ಕಿ ಡಬ್ಬದ ಮೇಲೆ ನನ್ನ ಫೋನು ಸದ್ದು ಮಾಡಿತು. ಹೋಗಿ ನೋಡಿದರೆ, "ಬಂದೆ" ಎಂದಿತ್ತು.

ಬೆಳಗಿನ ಹಾಲು ಆರಿತ್ತು. ಹೆಪ್ಪಿಗೆ ನನ್ನ ಮನೆಯಲ್ಲಿ ಒಂದು ಹನಿ ಮೊಸರೂ ಇರಲಿಲ್ಲ. ಪಾತ್ರೆಯನ್ನು ಬಾಗಿಲಿಗೆ ತಂದು ಅವರ ಮುಂದೆ ಇಟ್ಟು, "ಒಂದು ಚಮಚ ಹೆಪ್ಪು ಕೊಡಿ," ಎಂದು ಕೇಳಿದೆ. ಅವರು ಡಬ್ಬಿಯನ್ನೇ ನನ್ನ ಕೈಗೆ ಕೊಟ್ಟರು.